ಬೆಟ್ಟಕ್ಕೆ ಮರಳುವ ಹಕ್ಕು

ಕುದುರೆ, ಅಗಲ ಅಂಚಿನ ಟೋಪಿ, ದೂರದಲ್ಲಿ ಬೆಟ್ಟದ ಸಾಲು ಅಂದ ತಕ್ಷಣ ನಮ್ಮ ಕಣ್ಣ ಮುಂದೆ ಬರೋದು ಹಾಲಿವುಡ್ಡಿನ ಕೌಬಾಯ್ ಸಿನಿಮಾ. ಅದರಲ್ಲಿ ಒಬ್ಬ ಹೆಂಡದಂಗಡಿಯ ಬಾಗಿಲು ದೂಡಿಕೊಂಡು ಒಳಗೆ ಬರಬೇಕು, ಎಲ್ಲರೂ ಸುಮ್ಮನಾಗಬೇಕು, ಕೊನೆಗೆ ಬೀದಿಯಲ್ಲಿ ಪಿಸ್ತೂಲು ಸಿಡಿಯಬೇಕು. 1982ರಲ್ಲಿ ತೆರೆಕಂಡ ಆಸ್ಟ್ರೇಲಿಯದ ‘ದಿ ಮ್ಯಾನ್ ಫ್ರಮ್ ಸ್ನೋಯಿ ರಿವರ್’ ಚಿತ್ರವನ್ನೂ ವೆಸ್ಟರ್ನ್ ಅಂತಲೇ ಕರೆಯುತ್ತಾರೆ. ಆದರೆ ಇದರಲ್ಲಿ ಶೆರೀಫ್ ಇಲ್ಲ, ಬ್ಯಾಂಕು ದರೋಡೆ ಇಲ್ಲ, ಹಗೆ ತೀರಿಸಿಕೊಳ್ಳುವ ಗುಂಡಿನ ಕಾಳಗವೂ ಇಲ್ಲ. ಮನೆಮಂದಿ ಎಲ್ಲ ಒಟ್ಟಿಗೆ ಕೂತು ನೋಡಬಹುದಾದ ಸಿನಿಮಾ. ಹುಡುಗನೊಬ್ಬ, ಅವನ ಕುದುರೆ, ಮತ್ತೆ ಯಾರಿಗೂ ಬಗ್ಗದ ಒಂದು ಬೆಟ್ಟ, ಇಷ್ಟೇ ಅದರ ಬಂಡವಾಳ.

ಊರು ಬಿಟ್ಟವರ ಬದುಕಿನ ಪುಸ್ತಕದಲ್ಲಿ ಆಸ್ಟ್ರೇಲಿಯದ ಕುದುರೆ ಸಿನಿಮಾಕ್ಕೆ ಏನು ಕೆಲಸ ಅಂತ ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆಯೇ. ನನ್ನ ಉತ್ತರ ಇಷ್ಟು: ಪುಣೆಗೆ ಬಂದು ಇಪ್ಪತ್ತು ವರ್ಷಗಳ ಮೇಲಾಯಿತು. ಈ ಅವಧಿಯಲ್ಲಿ ನಾನು ನೋಡಿದ ಸಿನಿಮಾಗಳಲ್ಲಿ ‘ಇದು ನನ್ನೂರು’ ಅಂತ ಹೇಳುವ ಹಕ್ಕು ಯಾರಿಗಿದೆ ಎಂಬುದನ್ನು ಇಷ್ಟು ನೇರವಾಗಿ ಕೇಳಿದ್ದು ಬೇರೆ ಇಲ್ಲ. ಅದು ಹೇಳುವ ಉತ್ತರ ಪೂರ್ತಿ ಸರಿ ಅಂತ ನಾನು ಒಪ್ಪುವುದಿಲ್ಲ. ಪ್ರಶ್ನೆಯನ್ನು ಮಾತ್ರ ಮರೆಯೋದಕ್ಕೆ ಆಗಿಲ್ಲ.

ಕಥೆ ಹೀಗಿದೆ. ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗ. ಜಿಮ್ ಕ್ರೇಗ್ ಎಂಬ ಹುಡುಗ ತಂದೆಯ ಜೊತೆ ಬೆಟ್ಟದ ಮೇಲಿನ ಒಂದು ಮರದ ಗುಡಿಸಲಿನಲ್ಲಿ ಇದ್ದಾನೆ. ಕೈಯಲ್ಲಿ ಕಾಸಿಲ್ಲ. ಆ ಬೆಟ್ಟದಲ್ಲಿ ಕಾಡುಕುದುರೆಗಳ ಹಿಂಡು ತಿರುಗುತ್ತದೆ. ಅವಕ್ಕೆ ಅಲ್ಲಿ ಬ್ರಂಬಿ ಅಂತ ಹೆಸರು. ಒಂದು ದಿನ ಆ ಹಿಂಡು ನುಗ್ಗಿದಾಗ ಇವರ ಹೆಣ್ಣುಕುದುರೆ ಬೆಸ್ ಅದರ ಜೊತೆ ಓಡಿಹೋಗುತ್ತದೆ, ಆ ಗಲಾಟೆಯಲ್ಲೇ ತಂದೆ ಸಾಯುತ್ತಾನೆ. ಇನ್ನು ಗುಡಿಸಲು ಜಿಮ್‌ನದು ಅಂತ ನಾವು ಅಂದುಕೊಳ್ಳುವ ಹೊತ್ತಿಗೆ ಬೆಟ್ಟದ ಹಿರಿಯರು ನಾಲ್ಕು ಜನ ಬರುತ್ತಾರೆ. ಬಂದವರು ಸಮಾಧಾನ ಹೇಳುವುದಿಲ್ಲ. ಇಲ್ಲಿ ಇರುವ ಹಕ್ಕು ನಿನಗೆ ಇನ್ನೂ ಬಂದಿಲ್ಲ, ನಿಮ್ಮಪ್ಪ ಮಾಡಿದ ಹಾಗೆ ಕೆಳಗೆ ಬಯಲಿಗೆ ಹೋಗು, ದುಡಿ, ಆ ಹಕ್ಕು ಸಂಪಾದಿಸಿಕೊಂಡು ಬಾ ಅಂತಾರೆ.

ಹುಡುಗ ಇಳಿದುಹೋಗುತ್ತಾನೆ. ದಾರಿಯಲ್ಲಿ ಸ್ಪರ್ ಎಂಬ ಒಂಟಿಕಾಲಿನ ಮುದುಕ ಸಿಗುತ್ತಾನೆ. ಚಿನ್ನ ಸಿಕ್ಕೀತು ಅಂತ ವರ್ಷಗಟ್ಟಲೆ ಗುಡ್ಡ ಅಗೆಯುತ್ತಿರುವ ಆಸಾಮಿ. ಅವನು ಜಿಮ್‌ಗೆ ಬೆಟ್ಟದಲ್ಲೇ ಹುಟ್ಟಿ ಬೆಳೆದ ಒಂದು ಕುದುರೆ ಕೊಡುತ್ತಾನೆ. ಕೆಳಗೆ ಹ್ಯಾರಿಸನ್ ಎಂಬ ದೊಡ್ಡ ಸಾಹುಕಾರನ ದನದ ಎಸ್ಟೇಟಿನಲ್ಲಿ ಹುಡುಗನಿಗೆ ಕೂಲಿ ಕೆಲಸ ಸಿಗುತ್ತದೆ. ಈ ಹ್ಯಾರಿಸನ್ ಮತ್ತು ಸ್ಪರ್ ಒಡಹುಟ್ಟಿದ ಅಣ್ಣತಮ್ಮಂದಿರು, ಆದರೆ ಹ್ಯಾರಿಸನ್ ಆ ಸಂಬಂಧವನ್ನೇ ಒಪ್ಪುವುದಿಲ್ಲ. ಸಾಹುಕಾರನಿಗೆ ಜೆಸಿಕಾ ಅಂತ ಮಗಳು. ಮುಂದೆ ಏನಾಗುತ್ತದೆ ಅಂತ ನೀವೇ ಊಹಿಸಬಲ್ಲಿರಿ. ಕೊನೆಗೆ ಸಾಹುಕಾರನ ಬೆಲೆಬಾಳುವ ಎಳೆಯ ಕುದುರೆಯನ್ನು ಯಾರೋ ಬೇಕಂತಲೇ ಬಿಟ್ಟು, ತಪ್ಪನ್ನು ಜಿಮ್ ಮೇಲೆ ಹೊರಿಸುತ್ತಾರೆ. ಅದು ಬ್ರಂಬಿ ಹಿಂಡನ್ನು ಸೇರುತ್ತದೆ. ಹಿಡಿದು ತಂದವರಿಗೆ 100 ಪೌಂಡ್ ಬಹುಮಾನ. ಸುತ್ತಲಿನ ಸವಾರರೆಲ್ಲ ಹೊರಡುತ್ತಾರೆ.

ಈ ಸಿನಿಮಾಕ್ಕೆ ಮೂಲ ಒಂದು ಪದ್ಯ. ಬ್ಯಾಂಜೋ ಪ್ಯಾಟರ್ಸನ್ ಎಂಬ ಕವಿ ಬರೆದದ್ದು, 1890ರ ಏಪ್ರಿಲ್‌ನಲ್ಲಿ ಸಿಡ್ನಿಯ ‘ದಿ ಬುಲೆಟಿನ್’ ಪತ್ರಿಕೆಯಲ್ಲಿ ಅಚ್ಚಾಯಿತು. ಆಸ್ಟ್ರೇಲಿಯದವರಿಗೆ ಇದರ ಮೇಲೆ ಎಷ್ಟು ಪ್ರೀತಿ ಅಂದ್ರೆ, 1993ರಲ್ಲಿ ಅವರು ಹತ್ತು ಡಾಲರ್ ನೋಟಿನ ಮೇಲೆ ಪ್ಯಾಟರ್ಸನ್ನನ ಚಿತ್ರ ಹಾಕಿ, ಈ ಪದ್ಯದ ಸಾಲುಗಳನ್ನು ಬರಿಗಣ್ಣಿಗೆ ಕಾಣದಷ್ಟು ಸಣ್ಣ ಅಕ್ಷರದಲ್ಲಿ ಅದರಲ್ಲೇ ಅಚ್ಚು ಮಾಡಿದರು. 2000ದ ಸಿಡ್ನಿ ಒಲಿಂಪಿಕ್ಸ್ ಉದ್ಘಾಟನೆ ನೀವು ಟಿವಿಯಲ್ಲಿ ನೋಡಿದ್ದರೆ ನೆನಪಿರಬಹುದು. ಮೊದಲು ಒಬ್ಬನೇ ಸವಾರ ಮೈದಾನಕ್ಕೆ ನುಗ್ಗಿ ಬಂದು ಚಾವಟಿ ಬೀಸುತ್ತಾನೆ, ಅವನ ಹಿಂದೆ 120 ಕುದುರೆಗಳು. ಆಗ ಕೇಳಿಬಂದದ್ದು ಇದೇ ಚಿತ್ರಕ್ಕೆ ಬ್ರೂಸ್ ರೋಲಂಡ್ ಮಾಡಿದ ಸಂಗೀತದ ಇನ್ನೊಂದು ರೂಪ.

ಪದ್ಯವನ್ನೂ ಸಿನಿಮಾವನ್ನೂ ಪಕ್ಕಪಕ್ಕ ಇಟ್ಟರೆ ಒಂದು ಸಂಗತಿ ಎದ್ದು ಕಾಣುತ್ತದೆ. ಪದ್ಯದಲ್ಲಿರುವುದು ಕುದುರೆ ಬೆನ್ನಟ್ಟುವ ಪ್ರಸಂಗ ಮಾತ್ರ. ಅಲ್ಲಿ ಹುಡುಗನಿಗೆ ಹೆಸರೇ ಇಲ್ಲ. ಅಪ್ಪ ಇಲ್ಲ, ಗುಡಿಸಲು ಇಲ್ಲ, ಜೆಸಿಕಾ ಇಲ್ಲ. ಹಿರಿಯರು ಬಂದು ಹೋಗು ಅನ್ನುವುದೂ ಇಲ್ಲ. ಹುಡುಗ ಊರು ಬಿಡುವುದು, ಪರರ ಮನೆಯಲ್ಲಿ ದುಡಿಯುವುದು, ಮರಳುವುದು, ಇದೆಲ್ಲ ಚಿತ್ರಕಥೆ ಬರೆದವರ ಸೇರ್ಪಡೆ. ಮೂಲದ ಓಟ ಕೆಲವೇ ನಿಮಿಷದ್ದು, ಪೂರ್ತಿ ಸಿನಿಮಾ ಆಗಬೇಕಾದರೆ ಏನಾದರೂ ತುಂಬಲೇಬೇಕಿತ್ತು. ತುಂಬಿದ್ದು ಬರೀ ಹೊಟ್ಟಲ್ಲ ಅನ್ನೋದು ನನ್ನ ಅಭಿಪ್ರಾಯ. ಯಾಕಂದ್ರೆ ಪದ್ಯ ಹುಟ್ಟಿದ ಜಾಗದಲ್ಲೇ ಈ ಊರು ಬಿಟ್ಟ ಸಂಕಟ ಅಡಗಿತ್ತು. ಪ್ಯಾಟರ್ಸನ್ ಹಳ್ಳಿಗಾಡಿನಲ್ಲಿ, ಕುದುರೆಗಳ ನಡುವೆ ಬೆಳೆದವನು. ಆದರೆ ಈ ಪದ್ಯ ಬರೆಯುವಾಗ ಸಿಡ್ನಿ ಪಟ್ಟಣದಲ್ಲಿ ವಕೀಲಿ ಮಾಡುತ್ತಿದ್ದ. ಹಿಂದಿನ ವರ್ಷ ಬರೆದ ಇನ್ನೊಂದು ಪದ್ಯದಲ್ಲಂತೂ, ಪಟ್ಟಣದ ಕೊಳಕು ಆಫೀಸಿನಲ್ಲಿ ಕೂತವನೊಬ್ಬ ಬಯಲಿನಲ್ಲಿ ದನ ಹೊಡೆದುಕೊಂಡು ಹೋಗುವ ಕ್ಲಾನ್ಸಿಯನ್ನು ನೆನೆದು ಹೊಟ್ಟೆಕಿಚ್ಚುಪಡುತ್ತಾನೆ. ಆ ಕ್ಲಾನ್ಸಿ ಈ ಪದ್ಯಕ್ಕೂ ಬರುತ್ತಾನೆ, ಸಿನಿಮಾಕ್ಕೂ ಬರುತ್ತಾನೆ. ಕವಿಯೇ ವಕೀಲನ ವೇಷದಲ್ಲಿ ಹ್ಯಾರಿಸನ್ ಮನೆಯ ಊಟಕ್ಕೆ ಬಂದು ಕೂರುತ್ತಾನೆ. ಅಂದರೆ ಆ ದೇಶ ತನ್ನ ಬೆಟ್ಟದ ವೀರ ಅಂತ ನೋಟಿನ ಮೇಲೆ ಅಚ್ಚು ಹಾಕಿಸಿದ ಹುಡುಗ, ಬೆಟ್ಟ ಬಿಟ್ಟು ಪಟ್ಟಣದಲ್ಲಿ ಕೂತವನ ಕಲ್ಪನೆಯ ಕೂಸು. ಬೆಂಗಳೂರಿನಲ್ಲೋ ಮುಂಬಯಿಯಲ್ಲೋ ಕೂತು ಮಲೆನಾಡಿನ ಮಳೆಯನ್ನು ಬರೆಯುವವರು ನಮ್ಮಲ್ಲೂ ಕಡಿಮೆ ಇಲ್ಲ.

ಈಗ ಆ ಹಿರಿಯರ ಮಾತಿಗೆ ಬರೋಣ. ಮಗಳ ಜೊತೆ ಈ ಸಿನಿಮಾ ನೋಡುವಾಗ ಅವಳು ಅಲ್ಲಿಗೇ ನಿಲ್ಲಿಸಿ ಕೇಳಿದಳು: “ಅವನ ಮನೆಗೆ ಅವನೇ ಇರೋದಕ್ಕೆ ಇವರ್ಯಾರಪ್ಪ ಕೇಳೋರು?” ಪುಣೆಯಲ್ಲಿ ಹುಟ್ಟಿ ಬೆಳೆದವಳಿಗೆ ಅದು ದಬ್ಬಾಳಿಕೆಯಾಗಿ ಕಂಡಿತು. ನನಗೆ ಹಾಗೆ ಅನ್ನಿಸಲಿಲ್ಲ. ಆ ಬೆಟ್ಟದಲ್ಲಿ ಚಳಿಗಾಲಕ್ಕೆ ಹಿಮ ಬೀಳುತ್ತದೆ. ಕೈಲಾಗದ ಹುಡುಗ ಒಬ್ಬನೇ ಉಳಿದರೆ ಸಾಯುತ್ತಾನೆ, ಅಥವಾ ಉಳಿದವರ ಮೇಲೆ ಭಾರ ಆಗುತ್ತಾನೆ. ಅವರ ಮಾತು ಒರಟು, ಆದರೆ ಅದರಲ್ಲಿ ಒಂದು ಭರವಸೆ ಇದೆ. ಹೋಗು ಅಂದವರು, ಬಾ ಅಂತಲೂ ಅಂದಿದ್ದಾರೆ.

ನಮ್ಮಲ್ಲಿ ಲೆಕ್ಕ ತಿರುವುಮುರುವು. ನನ್ನೂರು ಹೊಸನಗರ ತಾಲ್ಲೂಕಿನ ಒಂದು ಹಳ್ಳಿ. ಓದಿ ಹೊರಗೆ ಹೋಗು, ಇಲ್ಲಿ ಏನಿದೆ ಅಂತ ಕಳಿಸಿದವರು ಊರಿನವರೇ. ಬಸ್‌ಸ್ಟ್ಯಾಂಡಿನವರೆಗೆ ಟ್ರಂಕು ಹೊತ್ತುಕೊಂಡು ಬಂದವರೂ ಅವರೇ. ಕೆಲವು ವರ್ಷದ ಹಿಂದೆ ಊರಿನ ಕೆರೆಯ ಹೂಳು ತೆಗೆಸುವ ವಿಷಯಕ್ಕೆ ಸಭೆ ಸೇರಿದ್ದಾಗ ನಾನೂ ರಜೆಯಲ್ಲಿ ಹೋಗಿದ್ದೆ. ಏನೋ ಒಂದು ಸಲಹೆ ಹೇಳಿದೆ. ಹಿರಿಯರೊಬ್ಬರು ನಗುತ್ತಲೇ ಅಂದರು: “ನೀ ಹೇಳೂದು ಸರಿ ಮಾರಾಯ. ಆದ್ರೆ ನಾಡಿದ್ದು ನೀ ಬಸ್ಸು ಹತ್ತಿ ಹೋಗ್ತೀಯ. ಇಲ್ಲಿ ಇರೋರು ನಾವು.” ಅದರಲ್ಲಿ ಕೆಟ್ಟ ಮನಸ್ಸೇನೂ ಇರಲಿಲ್ಲ. ಮತ್ತೆ ಅದು ಸುಳ್ಳೂ ಅಲ್ಲ. ಮಳೆಗಾಲದಲ್ಲಿ ಕರೆಂಟು ಹೋದಾಗ, ಅಡಿಕೆಗೆ ಕೊಳೆರೋಗ ಬಂದಾಗ, ರಾತ್ರಿ ಹೊತ್ತು ಯಾರನ್ನೋ ಆಸ್ಪತ್ರೆಗೆ ಸಾಗಿಸಬೇಕಾದಾಗ ಇರುವವರು ಅವರು. ಆದರೂ ಆವತ್ತು ನನಗೆ ಗೊತ್ತಾದದ್ದು ಏನು ಅಂದ್ರೆ, ಜಿಮ್‌ಗೆ ಹೊರಗೆ ಹೋಗಿ ಸಿಗುವ ಹಕ್ಕು ನಮಗೆ ಹೊರಗೆ ಹೋದದ್ದರಿಂದಲೇ ಕಳೆದುಹೋಗುತ್ತದೆ. ಇತ್ತ ಪುಣೆಯಲ್ಲೂ ನಾನು ‘ಕರ್ನಾಟಕವಾಲೆ’. ಅದೂ ಪ್ರೀತಿಯಿಂದಲೇ ಅನ್ನುತ್ತಾರೆ.

ಹ್ಯಾರಿಸನ್, ಸ್ಪರ್ ಎರಡೂ ಪಾತ್ರ ಮಾಡಿದವನು ಒಬ್ಬನೇ, ಹಾಲಿವುಡ್ಡಿನ ಕರ್ಕ್ ಡಗ್ಲಸ್. ನಟನೆಯ ಲೆಕ್ಕದಲ್ಲಿ ಇದು ಚಿತ್ರದ ಬಲವಾದ ಭಾಗ ಅಲ್ಲ. ಸ್ಪರ್‌ನ ಗಡ್ಡ, ಮರದ ಕಾಲು, ಗೊಣಗಾಟ ಎಲ್ಲ ಸ್ವಲ್ಪ ನಾಟಕದ ಕಂಪನಿಯ ಹಾಸ್ಯಪಾತ್ರದ ಹಾಗೆ. ಹ್ಯಾರಿಸನ್ ಸದಾ ದವಡೆ ಬಿಗಿಹಿಡಿದೇ ಇರುತ್ತಾನೆ. ಸುತ್ತ ಎಲ್ಲರೂ ಆಸ್ಟ್ರೇಲಿಯದ ಇಂಗ್ಲಿಷ್ ಆಡುತ್ತಿದ್ದರೆ ಇವನ ಅಮೆರಿಕದ ಉಚ್ಚಾರ ಬೇರೆ. ಆದರೂ ಒಂದೇ ಮುಖವನ್ನು ಇಬ್ಬರಿಗೂ ಇಟ್ಟದ್ದು ಒಳ್ಳೆಯದೇ ಆಯಿತು. ಒಬ್ಬ ಬೆಟ್ಟದಲ್ಲೇ ಬಡವನಾಗಿ ಉಳಿದ, ಇನ್ನೊಬ್ಬ ಬಯಲಿನಲ್ಲಿ ಆಸ್ತಿ ಮಾಡಿದ. ಇಬ್ಬರೂ ಒಂದೇ ಹೆಣ್ಣನ್ನು ಬಯಸಿದವರು, ಮೊದಲು ದುಡ್ಡು ಮಾಡಿದವನಿಗೆ ಅವಳು ಅಂತ ಆಗಿತ್ತು. ಒಬ್ಬ ಚಿನ್ನ ಹುಡುಕುತ್ತಿರುವಾಗ ಇನ್ನೊಬ್ಬ ಕುದುರೆ ಜೂಜಿನಲ್ಲಿ ಗೆದ್ದ. ಸ್ಪರ್‌ನ ಕಾಲು ಹೋದದ್ದು ತಮ್ಮತಮ್ಮಲ್ಲೇ ಹಾರಿದ ಗುಂಡಿನಿಂದ. ಊರಿನಲ್ಲಿ ಉಳಿದ ಅಣ್ಣ, ಪಟ್ಟಣ ಸೇರಿದ ತಮ್ಮ, ಇಬ್ಬರಿಗೂ ಒಂದೇ ಮುಖ, ನಡುವೆ ಬಾಯಿಬಿಟ್ಟು ಹೇಳಲಾಗದ ಒಂದು ಲೆಕ್ಕ. ಇಂಥ ಮನೆ ಎಷ್ಟಿಲ್ಲ ನಮ್ಮಲ್ಲಿ? ಗುಂಡು ಹಾರಿರುವುದಿಲ್ಲ, ಅಷ್ಟೇ. ಪಾಲುಪತ್ರ ಆಗಿರುತ್ತದೆ.

ಇನ್ನು ಆ ಇಳಿಜಾರು. ಈ ಚಿತ್ರ ನೋಡಿದವರು ಏನು ಮರೆತರೂ ಅದನ್ನು ಮರೆಯೋಲ್ಲ. ಕಾಡುಕುದುರೆಗಳು ಒಂದು ಕಡಿದಾದ ಅಂಚಿನಿಂದ ಕೆಳಗೆ ನುಗ್ಗುತ್ತವೆ. ಬೆನ್ನಟ್ಟಿ ಬಂದ ಸವಾರರು ಲಗಾಮು ಎಳೆದು ನಿಲ್ಲುತ್ತಾರೆ. ಕ್ಲಾನ್ಸಿಯಂಥ ಕ್ಲಾನ್ಸಿಯೂ ನಿಲ್ಲುತ್ತಾನೆ. ಜಿಮ್ ನಿಲ್ಲುವುದಿಲ್ಲ. ಕುದುರೆ ಮುಗ್ಗರಿಸುವ ಹಾಗೆ ಮೂಗು ತಗ್ಗಿಸಿ ಇಳಿಯುತ್ತದೆ, ಅವನು ಬೆನ್ನು ಹಿಂದಕ್ಕೆ ಬಾಗಿಸಿ ಕೂತಿದ್ದಾನೆ. ಜಿಮ್ ಪಾತ್ರದ ಟಾಮ್ ಬರ್ಲಿನ್ಸನ್ ಈ ಚಿತ್ರಕ್ಕೆ ಮೊದಲು ಪಳಗಿದ ಸವಾರನೇ ಅಲ್ಲ, ಚಿತ್ರಕ್ಕಾಗಿ ಕಲಿತು ಆ ಇಳಿಜಾರನ್ನು ತಾನೇ ಇಳಿದ. ಕಂಪ್ಯೂಟರಿನ ಕೈಚಳಕ ಇಲ್ಲದ ಕಾಲ. ಅದಕ್ಕೇ ಇರಬೇಕು, ಈಗ ನೋಡಿದರೂ ಹೊಟ್ಟೆಯೊಳಗೆ ತಣ್ಣಗಾಗುತ್ತದೆ.

ಕೇವಲ ಸಾಹಸ ಅಂತ ಇದನ್ನು ನೋಡಿ ಬಿಡಬಾರದು. ಬಯಲಿನ ಸವಾರರು ಹೇಡಿಗಳಲ್ಲ, ಅವರ ಕುದುರೆಗಳು ಜಿಮ್‌ನ ಕುದುರೆಗಿಂತ ಜಾತಿಯಲ್ಲಿ ಮೇಲು. ಅವರಿಗೆ ಆ ನೆಲ ಗೊತ್ತಿಲ್ಲ, ಅಷ್ಟೇ. ಜಿಮ್‌ಗೂ ಅವನ ಕುದುರೆಗೂ ಗೊತ್ತು. ಬಯಲಿನಲ್ಲಿ ಅಷ್ಟು ದಿನ ಕಲಿತ ಯಾವುದೂ ಅಲ್ಲಿ ಉಪಯೋಗಕ್ಕೆ ಬರಲಿಲ್ಲ. ಉಪಯೋಗಕ್ಕೆ ಬಂದದ್ದು ಬೆಟ್ಟ ಕಲಿಸಿದ್ದು. ಆದರೆ ಅದನ್ನು ನಾಲ್ಕು ಜನ ಕಣ್ಣಾರೆ ಕಂಡು ಒಪ್ಪಬೇಕಾದರೆ ಅವನು ಬಯಲಿಗೆ ಇಳಿದೇ ಬರಬೇಕಿತ್ತು. ಚಿತ್ರದ ಒಳಗಿನ ಮಾತು ಇದು, ಮತ್ತೆ ಇದು ನಿಜ. ಹೊರನಾಡಿನಲ್ಲಿ ನಾವು ನಿಂತ ನೆಲೆ ಅಂತ ಏನಾದರೂ ಇದ್ದರೆ ಅದು ಊರು ಕೊಟ್ಟದ್ದೇ. ಅದು ಏನು ಅಂತ ತಿಳಿಯುವುದು ಮಾತ್ರ ಊರ ಹೊರಗೆ.

ಹುಡುಗ ಇಡೀ ಹಿಂಡನ್ನೇ ಹೊಡೆದುಕೊಂಡು ಬರುತ್ತಾನೆ. ಹ್ಯಾರಿಸನ್ 100 ಪೌಂಡ್ ಕೊಡಲು ಬಂದರೆ ಬೇಡ ಅನ್ನುತ್ತಾನೆ. ಇಲ್ಲಿ ನನಗೆ ‘ಬಂಗಾರದ ಮನುಷ್ಯ’ ನೆನಪಾಯಿತು. 1972ರ ಆ ಚಿತ್ರ ನೋಡದ ಕನ್ನಡಿಗ ಯಾರು? ಅಕ್ಕನ ಸಂಸಾರಕ್ಕಾಗಿ ಬರಡು ನೆಲವನ್ನು ಬಂಗಾರ ಮಾಡಿದ ರಾಜೀವ, ಕೊನೆಗೆ ಮನೆಯವರ ಬಾಯಿಂದಲೇ ಚುಚ್ಚುಮಾತು ಕೇಳಿ ಎಲ್ಲ ಬಿಟ್ಟು ನಡೆದುಬಿಡುತ್ತಾನೆ. ಥಿಯೇಟರಿನಲ್ಲಿ ಅಳದವರಿಲ್ಲ. ಜಿಮ್ ಕೂಡ ಹಣ ಬಿಡುತ್ತಾನೆ, ಆದರೆ ಅಲ್ಲಿಗೆ ನಿಲ್ಲಿಸುವುದಿಲ್ಲ. ಈ ಹಿಂಡಿನಲ್ಲಿ ಒಳ್ಳೆಯ ತಳಿಯ ಹೆಣ್ಣುಕುದುರೆಗಳಿವೆ, ಅವಕ್ಕಾಗಿ ಬರುತ್ತೇನೆ, ನನ್ನದು ಅಂತ ಬೇರೆ ಏನಿದೆಯೋ ಅದಕ್ಕೂ ಬರುತ್ತೇನೆ ಅಂತ ಜೆಸಿಕಾಳ ಕಡೆ ನೋಡಿ ಹೇಳಿ ಕುದುರೆ ತಿರುಗಿಸುತ್ತಾನೆ. ನಮ್ಮ ನಾಯಕನ ದೊಡ್ಡತನ ಹಕ್ಕು ಬಿಟ್ಟುಕೊಡುವುದರಲ್ಲಿ, ಅವರ ನಾಯಕನದು ಹಕ್ಕು ಹೇಳುವುದರಲ್ಲಿ. ಊರು ಬಿಟ್ಟ ನಮ್ಮಲ್ಲಿ ಬಹಳ ಜನ ರಾಜೀವನ ಹಾಗೆ ಮೌನವಾಗಿ ನಡೆದುಬಿಡುವುದನ್ನೇ ಘನತೆ ಅಂತ ಕಲಿತಿದ್ದೇವೆ. ಜಿಮ್‌ನ ಮಾತು ಕೇಳಿದಾಗ, ಹೀಗೂ ಹೇಳಬಹುದಲ್ಲ ಅನ್ನಿಸಿತು. ಹಣದಲ್ಲಿ ಪಾಲು ಬೇಡ, ಸಂಬಂಧದಲ್ಲಿ ಬೇಕು ಅಂತ.

ಆಕ್ಷೇಪಗಳೂ ಇವೆ. ಮೊದಲನೆಯದು, ಈ ಚಿತ್ರದಲ್ಲಿ ಎಲ್ಲ ಸುಲಭ. ಒಂದು ಇಳಿಜಾರು ಇಳಿದರೆ ಹುಡುಗ ಗಂಡಸಾಗುತ್ತಾನೆ, ಹಕ್ಕು ಕೈಗೆ ಬರುತ್ತದೆ. ನಮಗೆ ಅಂಥ ಇಳಿಜಾರು ಸಿಗುವುದಿಲ್ಲ. ನಮಗಿರುವುದು ತಿಂಗಳು ತಿಂಗಳು ಕಳಿಸುವ ದುಡ್ಡು, ಹಬ್ಬದ ಹಿಂದಿನ ದಿನ ಸಿಗದ ಬಸ್ಸಿನ ಟಿಕೆಟ್ಟು, ತಡವಾಗಿ ತಲುಪಿದ ಸಾವಿನ ಮನೆಗಳು. ಅದನ್ನು ಯಾರೂ ಅಂಚಿನಲ್ಲಿ ನಿಂತು ನೋಡುವುದಿಲ್ಲ.

ಎರಡನೆಯದು ಇನ್ನೂ ದೊಡ್ಡದು. ನೆಲದ ಹಕ್ಕಿನ ಬಗ್ಗೆ ಇಷ್ಟು ಮಾತಾಡುವ ಚಿತ್ರದಲ್ಲಿ ಆ ನೆಲದ ಮೊದಲ ಜನ ಇಲ್ಲವೇ ಇಲ್ಲ. ಬೇಸಿಗೆಗೆ ಆ ಬೆಟ್ಟಗಳಿಗೆ ಬೊಗಾಂಗ್ ಎಂಬ ಪತಂಗಗಳು ರಾಶಿರಾಶಿ ಬಂದು ಸೇರುತ್ತವೆ. ಅವನ್ನು ಹಿಡಿದು ಸುಟ್ಟು ತಿನ್ನೋದಕ್ಕೆ ಬೇರೆ ಬೇರೆ ಮೂಲನಿವಾಸಿ ಪಂಗಡಗಳು ಅಲ್ಲಿ ಕೂಡುತ್ತಿದ್ದವು. ಬಿಳಿಯರು ದನ ಹೊಡೆದುಕೊಂಡು ಬರುವ ಸಾವಿರಾರು ವರ್ಷ ಮೊದಲಿನ ಮಾತು. ಹಕ್ಕು ಸಂಪಾದಿಸಿಕೊಂಡು ಬಾ ಅನ್ನುವ ಹಿರಿಯರು ತಮ್ಮ ಹಕ್ಕನ್ನು ಯಾರಿಂದ ಪಡೆದರು? ಚಿತ್ರ ಆ ಕಡೆ ತಿರುಗಿಯೂ ನೋಡುವುದಿಲ್ಲ. ಮಕ್ಕಳಿಗೆ ತೋರಿಸುವವರು ಇದನ್ನು ಪಕ್ಕದಲ್ಲಿ ಕೂತು ಹೇಳಬೇಕು.

ಚಿತ್ರದ ಹೊರಗೆ ನಡೆದದ್ದೂ ಇದೇ ಪ್ರಶ್ನೆಯನ್ನು ಮುಂದುವರಿಸಿದೆ. ಬ್ರಂಬಿಗಳು ಅಲ್ಲಿನ ಮೂಲಪ್ರಾಣಿಗಳಲ್ಲ. 1788ರಿಂದ ಹಡಗಿನಲ್ಲಿ ತಂದ ಕುದುರೆಗಳಲ್ಲಿ ತಪ್ಪಿಸಿಕೊಂಡವು, ಬಿಟ್ಟುಹೋದವು ಕಾಡುಪಾಲಾಗಿ ಬೆಳೆದ ಸಂತಾನ. ಅವು ನಮ್ಮ ಪರಂಪರೆ ಅಂತ 2018ರಲ್ಲಿ ನ್ಯೂ ಸೌತ್ ವೇಲ್ಸ್ ರಾಜ್ಯ ಕಾಯಿದೆಯನ್ನೇ ಮಾಡಿತು. ಅವುಗಳ ಗೊರಸಿಗೆ ಸಿಕ್ಕಿ ಬೆಟ್ಟದ ಜೌಗು ನೆಲ, ತೊರೆಗಳು ಹಾಳಾಗುತ್ತಿವೆ ಅಂತ ವಿಜ್ಞಾನಿಗಳು ಹೇಳುತ್ತ ಬಂದರು. 2023ರಲ್ಲಿ ಅದೇ ರಾಜ್ಯ ಹೆಲಿಕಾಪ್ಟರಿನಿಂದ ಗುಂಡಿಟ್ಟು ಸಂಖ್ಯೆ ತಗ್ಗಿಸಲು ಒಪ್ಪಿಗೆ ಕೊಟ್ಟಿತು. ಕೊಸಿಯುಸ್ಕೊ ರಾಷ್ಟ್ರೀಯ ಉದ್ಯಾನದಲ್ಲಿ 3,000 ಉಳಿದರೆ ಸಾಕು ಅನ್ನೋದು ಯೋಜನೆ. ಇನ್ನೂರು ವರ್ಷ ಇದ್ದರೂ ನೀನು ಇಲ್ಲಿಯವನೋ ಹೊರಗಿನವನೋ ಎಂಬ ಪ್ರಶ್ನೆ ಕುದುರೆಯನ್ನೂ ಬಿಡಲಿಲ್ಲ. ಜೌಗು ನೆಲದ ಪರ ಇರುವವರ ವಾದ ನನಗೆ ಒಪ್ಪಿಗೆ, ಆದರೂ ಕುದುರೆಗಳನ್ನು ನೆನೆದರೆ ಮನಸ್ಸಿಗೆ ಕಷ್ಟವಾಗುತ್ತದೆ.

ಆ ಸ್ನೋಯಿ ನದಿಯ ಕಥೆಯೂ ಅಷ್ಟೇ. 1949ರಿಂದ 1974ರವರೆಗೆ ಅಲ್ಲಿ ಜಲವಿದ್ಯುತ್ ಯೋಜನೆ ಕಟ್ಟಿದರು. ಮೂವತ್ತಕ್ಕೂ ಹೆಚ್ಚು ದೇಶಗಳಿಂದ ಬಂದ ಒಂದು ಲಕ್ಷಕ್ಕೂ ಮಿಕ್ಕಿದ ಜನ ಅಲ್ಲಿ ದುಡಿದರು. ಹಳೆಯ ಜಿಂಡಬೈನ್ ಊರು ಮುಳುಗಿತು, ಅದರ ಕೆಳಗೆ ನದಿಯಲ್ಲಿ ಉಳಿದದ್ದು ನೂರರಲ್ಲಿ ಒಂದು ಪಾಲು ನೀರು. 2002ರ ನಂತರವೇ ಸ್ವಲ್ಪ ಸ್ವಲ್ಪವಾಗಿ ನೀರು ಮತ್ತೆ ಬಿಡತೊಡಗಿದ್ದು. ಲಿಂಗನಮಕ್ಕಿಯ ಹಿನ್ನೀರು ಕಂಡ ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಚಿತ್ರೀಕರಣ ನಡೆದದ್ದೂ ಆ ನದಿಯ ದಡದಲ್ಲಲ್ಲ, ಪಕ್ಕದ ವಿಕ್ಟೋರಿಯ ರಾಜ್ಯದ ಬೆಟ್ಟಗಳಲ್ಲಿ. ಅಲ್ಲಿ ಮೌಂಟ್ ಸ್ಟರ್ಲಿಂಗ್ ಮೇಲೆ ಸಿನಿಮಾಕ್ಕೆಂದು ಕಟ್ಟಿದ ಜಿಮ್‌ನ ಗುಡಿಸಲನ್ನು ನೋಡಲು ಜನ ಹೋಗುತ್ತಲೇ ಇದ್ದರು. 2006ರ ಡಿಸೆಂಬರಿನ ಕಾಡ್ಗಿಚ್ಚಿಗೆ ಅದು ಸುಟ್ಟುಹೋಯಿತು. ಮತ್ತೆ ಕಟ್ಟಿದರು. ಯಾರೂ ಒಂದು ದಿನ ಬಾಳದ ಮನೆ, ಆದರೂ ಅದಿಲ್ಲದೆ ಅವರಿಗೆ ಆಗಲಿಲ್ಲ. ಊರು ಬಿಟ್ಟವರ ತಲೆಯೊಳಗಿನ ಊರೂ ಬಹುಶಃ ಹೀಗೇ, ಸುಟ್ಟಷ್ಟು ಸಲ ಮತ್ತೆ ಎಬ್ಬಿಸಿ ನಿಲ್ಲಿಸುತ್ತೇವೆ.

ನಿರ್ದೇಶಕ ಜಾರ್ಜ್ ಮಿಲ್ಲರ್ ಬಗ್ಗೆ ಒಂದು ಮಾತು. ‘ಮ್ಯಾಡ್ ಮ್ಯಾಕ್ಸ್’ ಮಾಡಿದ ಜಾರ್ಜ್ ಮಿಲ್ಲರ್ ಬೇರೆ, ಈತ ಬೇರೆ. ಇವನು ದೊಡ್ಡ ಕಲಾವಿದ ಅಂತ ಯಾರೂ ಹೇಳುವುದಿಲ್ಲ. ಮಾತುಗಳು ಕೆಲವು ಕಡೆ ಪಾಠ ಒಪ್ಪಿಸಿದ ಹಾಗಿವೆ, ಜೆಸಿಕಾಗೆ ಕುದುರೆ ಪಳಗಿಸುವ ಧೈರ್ಯ ಕೊಟ್ಟವರು ಕೊನೆಯಲ್ಲಿ ಅವಳನ್ನು ಬೇಲಿಯ ಹತ್ತಿರ ನಿಲ್ಲಿಸಿ ಬಿಡುತ್ತಾರೆ. ಆದರೆ ಬೆಟ್ಟವನ್ನು ತೋರಿಸುವಾಗ ಅವನಿಗೆ ಅವಸರವಿಲ್ಲ. ಕುದುರೆಯ ಉಸಿರು ಚಳಿಗೆ ಹೊಗೆಯಾಗುವುದನ್ನೂ ಅವನು ಬಿಟ್ಟಿಲ್ಲ. ಅಷ್ಟಕ್ಕೇ ಆದರೂ ನೋಡಬೇಕು.

ಊರಿನಲ್ಲಿರುವ ನೀವು ಮಕ್ಕಳನ್ನು ಕೂರಿಸಿಕೊಂಡು ಈ ಚಿತ್ರ ನೋಡಿ. ಬೆಟ್ಟದ ಆ ನಾಲ್ಕು ಹಿರಿಯರು ಬಂದಾಗ ಸ್ವಲ್ಪ ಗಮನ ಕೊಟ್ಟು ಕೇಳಿ. ಅವರು ಷರತ್ತು ಹಾಕಿದರು, ಬಾಗಿಲು ಹಾಕಲಿಲ್ಲ. ರಜೆಗೆ ಬಂದ ನಮ್ಮಂಥವರು ಕೆರೆಯ ಬಗ್ಗೆಯೋ ರಸ್ತೆಯ ಬಗ್ಗೆಯೋ ಬಾಯಿ ಹಾಕಿದಾಗ ನೀವೂ ಷರತ್ತು ಹಾಕಿ, ತಪ್ಪಿಲ್ಲ. ಏನು ಮಾಡಿದರೆ ನಮ್ಮ ಮಾತಿಗೂ ಒಂದು ಜಾಗ ಸಿಗುತ್ತದೆ ಅಂತ ಹೇಳಿಬಿಡಿ. ಇಳಿಯಬೇಕಾದ ಜಾರು ಯಾವುದು ಅಂತ ಗೊತ್ತಾದರೆ, ನಮ್ಮಲ್ಲೂ ಇಳಿಯುವವರು ಇದ್ದಾರೆ.